ಸಮಾಜಕಾರ್ಯ ಓದುವ ಮಕ್ಕಳಿಗೂ ಇನ್ನು ವಿದ್ಯಾರ್ಥಿವೇತನ

(ಜಿಗಣಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟಿನ ಪರವಾಗಿ ಮಾಡಿದ ಭಾಷಣ)

 

ಪ್ರತಿ ವರ್ಷ ಈ ವೇದಿಕೆಯಲ್ಲಿ ನಿಂತು ಎಷ್ಟು ಅರ್ಜಿ ಬಂತು, ಎಷ್ಟು ಹಣ ಹಂಚಿದೆವು ಎಂದು ಹೇಳಿ ಕೂರುತ್ತೇವೆ. ಆ ಲೆಕ್ಕವೆಲ್ಲ ವರದಿಯ ಕೊನೆಯ ಪುಟಗಳಲ್ಲಿ ಲೆಕ್ಕ ಪರಿಶೋಧಕರ ಸಹಿಯ ಸಮೇತ ಇದೆ, ದಯವಿಟ್ಟು ನೋಡಿಕೊಳ್ಳಿ. ಇವತ್ತು ನಾವು ಮಾತಾಡಬೇಕಾಗಿರುವುದು ನಾವೇ ತಿರಸ್ಕರಿಸಿದ ಒಂದು ಅರ್ಜಿಯ ಬಗ್ಗೆ.

ಎರಡು ವರ್ಷದ ಹಿಂದೆ ಪಿಯುಸಿ ಮುಗಿಸಿದ ಒಬ್ಬ ಹುಡುಗಿ ತಾಯಿಯ ಜೊತೆ ಬಂದಳು. ತಂದೆ ಗ್ರಾನೈಟ್ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ. ಒಳ್ಳೆಯ ಅಂಕ. ಬಿಎಸ್‌ಡಬ್ಲ್ಯೂ ಸೇರುತ್ತೇನೆ ಎಂದಳು. ಬಿಎಸ್‌ಡಬ್ಲ್ಯೂ ಅಂದರೆ ಸಮಾಜಕಾರ್ಯದ ಪದವಿ. ನಮ್ಮ ಸಮಿತಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. "ಸಮಾಜಸೇವೆ ಮಾಡೋಕೆ ಡಿಗ್ರಿ ಯಾಕಮ್ಮಾ? ಬಿಕಾಂ ತಗೋ, ಫೀಸು ನಾವು ಕಟ್ಟುತ್ತೇವೆ" ಎಂದೆವು. ಆ ಮಾತು ಯಾರ ಬಾಯಿಂದ ಬಂತು ಎನ್ನುವುದು ಮುಖ್ಯವಲ್ಲ, ಎಲ್ಲರೂ ತಲೆ ಆಡಿಸಿದೆವು. ಹುಡುಗಿ ಅರ್ಜಿ ವಾಪಸ್ ತೆಗೆದುಕೊಂಡು ಹೋದಳು. ತಾಯಿ ಎರಡು ಬಳೆ ಅಡವಿಟ್ಟು ಸೇರಿಸಿದರು ಎಂಬುದು ನಮಗೆ ಗೊತ್ತಾದದ್ದು ಬಹಳ ತಡವಾಗಿ.

ಈಗ ಇನ್ನೊಂದು ಮನೆಯ ವಿಷಯ. ನಮ್ಮ ಪಟ್ಟಿಯಲ್ಲಿ ಒಬ್ಬ ವಿಧವೆ ತಾಯಿ ಇದ್ದಾರೆ. ಮಗನಿಗೆ ಹತ್ತೊಂಬತ್ತು ವರ್ಷ, ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಐದು ರಮಜಾನ್‌ಗಳಲ್ಲಿ ಆ ಮನೆಗೆ ರೇಷನ್ ಕಿಟ್ ತಪ್ಪದೆ ಹೋಗಿದೆ. ಅಕ್ಕಿ, ಎಣ್ಣೆ, ಬೇಳೆ, ಖರ್ಜೂರ ಕೊಟ್ಟು, ಸಲಾಂ ಹೇಳಿ, ರಿಜಿಸ್ಟರಿನಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡು ಬಂದಿದ್ದೇವೆ. ಕಳೆದ ವರ್ಷ ಕಾಲೇಜಿನ ಮಕ್ಕಳ ತಂಡವೊಂದು ಕ್ಷೇತ್ರಕಾರ್ಯಕ್ಕೆಂದು ಆ ಗಲ್ಲಿಗೆ ಬಂತು. ಅದರಲ್ಲಿ ಇದೇ ಹುಡುಗಿ ಇದ್ದಳು. ಅವಳು ಕೇಳಿದ ಮೊದಲ ಪ್ರಶ್ನೆ, "ಖಾಲಾ, ಇವನಿಗೆ ಯುಡಿಐಡಿ ಕಾರ್ಡ್ ಆಗಿದೆಯಾ?"

ಆಗಿರಲಿಲ್ಲ. ಅಂಗವೈಕಲ್ಯ ಇರುವವರಿಗೆ ಸರ್ಕಾರ ಕೊಡುವ ಆ ಗುರುತಿನ ಚೀಟಿ ಇಲ್ಲದೆ ಮಾಸಾಶನ ಇಲ್ಲ, ಬೇರೆ ಸವಲತ್ತುಗಳೂ ಕಷ್ಟ. ಐದು ವರ್ಷ ಬಾಗಿಲವರೆಗೆ ಹೋಗಿದ್ದ ನಾವು ಒಮ್ಮೆಯೂ ಕೇಳಿರಲಿಲ್ಲ. ಹುಡುಗಿ ಆನ್‌ಲೈನ್ ಅರ್ಜಿ ಹಾಕಿಸಿದಳು. ವೈದ್ಯಕೀಯ ತಪಾಸಣೆಗೆ ಸರ್ಕಾರಿ ಆಸ್ಪತ್ರೆಗೆ ತಾಯಿ ಮಗನ ಜೊತೆ ಹೋದಳು. ಮೊದಲ ಸಲ ಡಾಕ್ಟರ್ ರಜೆ, ಎರಡನೇ ಸಲ ಆಧಾರ್‌ನಲ್ಲಿ ಹೆಸರು ತಪ್ಪು, ಮೂರನೇ ಸಲ ಹುಡುಗ ಜನಜಂಗುಳಿ ನೋಡಿ ಹೆದರಿ ಗಲಾಟೆ ಮಾಡಿದ. ನಾಲ್ಕನೇ ಸಲ ಕೆಲಸವಾಯಿತು. ಆಮೇಲೆ ನಾಡಕಚೇರಿಯಲ್ಲಿ ಮಾಸಾಶನದ ಅರ್ಜಿ. ಕೆಲವು ತಿಂಗಳ ನಂತರ ಹಣ ಖಾತೆಗೆ ಬರತೊಡಗಿತು.

ಇಲ್ಲಿಗೂ ನಿಲ್ಲಲಿಲ್ಲ. ಆ ತಾಯಿಗೆ ಹಗಲೂ ರಾತ್ರಿ ಒಂದೇ ಚಿಂತೆ, ನಾನು ಹೋದ ಮೇಲೆ ಇವನಿಗೆ ಯಾರು? ಇಂಥ ಮಕ್ಕಳಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಿದೆ. ಹದಿನೆಂಟು ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲೆಯಲ್ಲಿ ಸಮಿತಿ ಇದೆ, ನಿರಾಮಯ ಎಂಬ ಹೆಸರಿನಲ್ಲಿ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ಇದೆ. ನಿಜ ಹೇಳಬೇಕೆಂದರೆ ನಮ್ಮ ಟ್ರಸ್ಟಿಗಳಲ್ಲಿ ಒಬ್ಬರಿಗೂ ಇದು ಗೊತ್ತಿರಲಿಲ್ಲ. ಆ ಹುಡುಗಿಗೆ ಎರಡನೇ ವರ್ಷದ ಪಾಠದಲ್ಲಿ ಇತ್ತಂತೆ.

ನಾವು ಕೊಟ್ಟ ಅಕ್ಕಿ ಆ ಮನೆಗೆ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಈ ವರ್ಷವೂ ಕೊಡುತ್ತೇವೆ. ಆದರೆ ಸಮಾಜಸೇವೆಗೆ ಡಿಗ್ರಿ ಯಾಕೆ ಎಂದು ಕೇಳಿದ್ದೆವಲ್ಲ, ಉತ್ತರ ನಮ್ಮ ರಿಜಿಸ್ಟರಿನಲ್ಲೇ ಸಿಕ್ಕಿತು.

ಈ ಓದು ಏನು ಎಂದು ಪೋಷಕರಿಗೆ ಸ್ವಲ್ಪ ವಿವರವಾಗಿ ಹೇಳುತ್ತೇವೆ. ನಮ್ಮ ದೇಶದಲ್ಲಿ ಇದು ಹೊಸದಲ್ಲ. ಈಗ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆ ಮುಂಬೈಯಲ್ಲಿ 1936ರಲ್ಲೇ ಶುರುವಾಯಿತು. ನಮ್ಮ ಮಂಗಳೂರಿನ ರೋಶನಿ ನಿಲಯ 1960ರಿಂದ ಕಲಿಸುತ್ತಿದೆ. ಅಮೆರಿಕದಲ್ಲಿ ಮನೆಯ ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಇಂಥದ್ದೇ ಪದವಿ ಪಡೆದು ಕೆಲಸಕ್ಕೆ ಸೇರುತ್ತಾರೆ. ನಮ್ಮಲ್ಲೂ ಸಮುದಾಯ ಕಾಲೇಜುಗಳು ಬಂದವು, 1995ರಲ್ಲಿ ಪುದುಚೇರಿಯಲ್ಲಿ ಮೊದಲು, ಆಮೇಲೆ ಯುಜಿಸಿ ಯೋಜನೆಯಲ್ಲಿ ಹಲವು ಕಡೆ. ಆದರೆ ಅಲ್ಲಿ ಹೆಚ್ಚಾಗಿ ಸಿಗುವುದು ಡಿಪ್ಲೊಮಾ, ಸರ್ಟಿಫಿಕೇಟು. ಪದವಿಯೇ ಬೇಕೆನ್ನುವ ನಮ್ಮ ಮಕ್ಕಳಿಗೆ ಮೂರು ವರ್ಷದ ಬಿಎಸ್‌ಡಬ್ಲ್ಯೂ ದಾರಿ. ಕೆಲಸ ಮಾಡುತ್ತಾ ಓದುವವರಿಗೆ ಇಗ್ನೋ ಇದೆ. ಅಲ್ಲಿ ಕಡಿಮೆಯೆಂದರೆ ಮೂರು ವರ್ಷ, ಹೆಚ್ಚೆಂದರೆ ಆರು. ದೂರಶಿಕ್ಷಣ ಅಂದಕೂಡಲೇ ಮನೆಯಲ್ಲೇ ಕೂತು ಮುಗಿಸಬಹುದು ಎಂದುಕೊಳ್ಳಬೇಡಿ, ಕ್ಷೇತ್ರಕಾರ್ಯ ಅಲ್ಲೂ ಕಡ್ಡಾಯ.

ಈ ಕ್ಷೇತ್ರಕಾರ್ಯವೇ ಓದಿನ ಜೀವ. ಆಸ್ಪತ್ರೆ, ಬಾಲಮಂದಿರ, ಶಾಲೆ, ಕಾರ್ಮಿಕರ ಶೆಡ್ಡು, ಎಲ್ಲಿಗೆ ಹಾಕುತ್ತಾರೋ ಅಲ್ಲಿಗೆ ಹೋಗಬೇಕು. ನೋಡಿದ್ದನ್ನು, ಮಾಡಿದ್ದನ್ನು ಬರೆದು ಮೇಲ್ವಿಚಾರಕರ ಮುಂದೆ ಇಡಬೇಕು. ಒಬ್ಬ ವ್ಯಕ್ತಿಯ ಜೊತೆ ಹೇಗೆ ಮಾತಾಡಬೇಕು, ಗುಂಪಿನ ಜೊತೆ ಹೇಗೆ, ಊರನ್ನು ಹೇಗೆ ಸಂಘಟಿಸಬೇಕು ಎಂದು ಮೂರೂ ಕಲಿಸುತ್ತಾರೆ. ಕೇಳಿದ ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದನ್ನೂ ಕಲಿಸುತ್ತಾರೆ, ಇದು ನಮ್ಮಂಥ ಕಮಿಟಿಯವರೂ ಕಲಿಯಬೇಕಾದ ಪಾಠ.

ಇಲ್ಲೇ ಮನೆಯವರು ಹಿಂಜರಿಯುತ್ತಾರೆ. "ಹುಡುಗಿ ಗಲ್ಲಿ ಗಲ್ಲಿ ಸುತ್ತೋ ಓದು ನಮಗೆ ಬೇಡ" ಎಂದು ಒಬ್ಬ ತಂದೆ ನಮ್ಮ ಮುಂದೆಯೇ ಹೇಳಿದ್ದಾರೆ. ಅವರ ಭಯವನ್ನು ನಾವು ಹಗುರ ಮಾಡುವುದಿಲ್ಲ. ಎಲ್ಲಿಗೆ ಕಳಿಸುತ್ತೀರಿ, ಜೊತೆಗೆ ಯಾರು, ಎಷ್ಟು ಹೊತ್ತಿಗೆ ವಾಪಸ್ ಎಂದು ಕಾಲೇಜಿನವರನ್ನು ಕೇಳಿ, ಅದು ನಿಮ್ಮ ಹಕ್ಕು. ಬೇಕಾದರೆ ನಾವೂ ಜೊತೆಗೆ ಬಂದು ಕೇಳುತ್ತೇವೆ.

ಕೆಲಸ ಸಿಗುತ್ತದೆಯೇ? ಸುಳ್ಳು ಭರವಸೆ ಕೊಡುವುದಿಲ್ಲ. ಮೊದಲ ಸಂಬಳ ದೊಡ್ಡದಲ್ಲ. ಎಷ್ಟೋ ಹುದ್ದೆ ಗುತ್ತಿಗೆಯವು. ಒಳ್ಳೆಯ ಜಾಗಗಳಲ್ಲಿ ಎಂಎಸ್‌ಡಬ್ಲ್ಯೂ ಕೇಳುತ್ತಾರೆ, ಆದ್ದರಿಂದ ಐದು ವರ್ಷದ ಲೆಕ್ಕ ಹಾಕಿಕೊಂಡೇ ಹೊರಡಿ. ಆದರೆ ನಾವಿರುವ ಜಾಗ ನೋಡಿ. ಜಿಗಣಿ, ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿ, ಸುತ್ತಲೂ ಕಾರ್ಖಾನೆ. 1948ರ ಕಾರ್ಖಾನೆ ಕಾಯ್ದೆಯಲ್ಲಿ 500 ಕಾರ್ಮಿಕರಿದ್ದರೆ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತ್ತು, 2020ರ ಹೊಸ ಸಂಹಿತೆ ಅದನ್ನು 250ಕ್ಕೆ ಇಳಿಸಿದೆ. ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ಸಮಾಜಕಾರ್ಯಕರ್ತರು ಬೇಕು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಬೇಕು. ಎಂಎಸ್‌ಡಬ್ಲ್ಯೂ ನಂತರ ಮಾನಸಿಕ ಆರೋಗ್ಯದ ಕಡೆ ಒಲವಿದ್ದರೆ ನಿಮ್ಹಾನ್ಸ್‌ನಲ್ಲಿ ಮುಂದಿನ ಓದೂ ಇದೆ.

ಇನ್ನೊಂದು ಬಂಡವಾಳ ನಮ್ಮ ಮಕ್ಕಳ ನಾಲಿಗೆಯ ಮೇಲೇ ಇದೆ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಹೊಸೂರು ಗಡಿ ಪಕ್ಕದಲ್ಲೇ ಇರುವುದರಿಂದ ತಮಿಳು, ತೆಲುಗು. ಒಡಿಶಾ, ಬಿಹಾರದಿಂದ ಬಂದ ಕಾರ್ಮಿಕನ ಜೊತೆ ಹಿಂದಿಯಲ್ಲಿ, ರಾಯಚೂರು, ಯಾದಗಿರಿಯಿಂದ ಬಂದ ಅಕ್ಕನ ಜೊತೆ ಕನ್ನಡದಲ್ಲಿ ಮಾತಾಡಬಲ್ಲರು. ಒಂದೇ ಕೊರತೆ, ಮಾತಾಡುವಷ್ಟು ಚೆನ್ನಾಗಿ ಕನ್ನಡ ಬರೆಯುವುದಿಲ್ಲ. ನಾಡಕಚೇರಿಯ ಅರ್ಜಿ ಕನ್ನಡದಲ್ಲಿ ಬರೆಯಬೇಕು. ಇವತ್ತಿನ ಭಾಷಣ ಉರ್ದುವಿನಲ್ಲಿ ಯಾಕಿಲ್ಲ ಎಂದು ಬಾಗಿಲಲ್ಲಿ ಕೇಳಿದ ಹಿರಿಯರಿಗೂ ಇದೇ ಉತ್ತರ.

ದಾನಿಗಳೊಬ್ಬರು ಕೇಳಿದ್ದಾರೆ, ಇಂಥ ಓದಿಗೆ ಜಕಾತ್ ಹಣ ಹೋಗಬಹುದೇ ಎಂದು. ಜಕಾತ್ ಖಾತೆ ಬೇರೆ, ಸಾಮಾನ್ಯ ದಾನದ ಖಾತೆ ಬೇರೆ ಇಟ್ಟಿದ್ದೇವೆ. ಅರ್ಹ ಬಡ ಕುಟುಂಬದ ವಿದ್ಯಾರ್ಥಿಗೆ ಮಾತ್ರ ಜಕಾತ್, ಅದೂ ಅವರ ಹೆಸರಿನ ಖಾತೆಗೇ. ಉಳಿದವರಿಗೆ ಸಾಮಾನ್ಯ ಖಾತೆಯಿಂದ.

ಆ ಹುಡುಗಿಯನ್ನು ಕರೆಸಿ ತಪ್ಪು ನಮ್ಮದು ಎಂದೆವು. ಅವಳೇನೂ ದೊಡ್ಡ ಮಾತಾಡಲಿಲ್ಲ. "ಅಮ್ಮಿಯ ಬಳೆ ಬಿಡಿಸಬೇಕು" ಎಂದಳು. ಆಮೇಲೆ ಕ್ಷೇತ್ರಕಾರ್ಯದ ಖರ್ಚು ವಿವರಿಸಿದಳು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ ಉಚಿತ, ಜೊತೆಗೆ ಓದುವ ಹುಡುಗರಿಗೆ ಅಲ್ಲ. ಬಸ್ ಇಳಿದ ಮೇಲೆ ಆಟೋ, ಝೆರಾಕ್ಸ್, ಮಧ್ಯಾಹ್ನದ ಊಟ ಎಲ್ಲರಿಗೂ ಇದೆ. ಆ ದಿನಗಳಲ್ಲಿ ಟ್ಯೂಷನ್ ಹೇಳಿಕೊಟ್ಟು ಸಂಪಾದಿಸುವುದೂ ತಪ್ಪುತ್ತದೆ. ಫೀಸು ಕೊಟ್ಟರೆ ಮುಗಿಯಿತು ಎಂದುಕೊಂಡಿದ್ದ ನಮಗೆ ಇದು ಹೊಳೆದೇ ಇರಲಿಲ್ಲ.

ಆದ್ದರಿಂದ ಈ ವರ್ಷದಿಂದ ಬಿಎಸ್‌ಡಬ್ಲ್ಯೂ, ಎಂಎಸ್‌ಡಬ್ಲ್ಯೂ ಮಕ್ಕಳಿಗೆ ಫೀಸಿನ ಜೊತೆ ಕ್ಷೇತ್ರಕಾರ್ಯದ ಭತ್ಯೆಯನ್ನೂ ಕೊಡುತ್ತೇವೆ, ಹುಡುಗರಿಗೂ ಹುಡುಗಿಯರಿಗೂ. ಅವಳ ಹಿಂದಿನ ಎರಡು ವರ್ಷದ ಫೀಸನ್ನೂ ಸಾಮಾನ್ಯ ಖಾತೆಯಿಂದ ಕೊಡಲು ಸಮಿತಿ ಒಪ್ಪಿದೆ. ಅರ್ಜಿಗೆ ಅಂಕಪಟ್ಟಿ, ಪ್ರವೇಶದ ರಸೀದಿ, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಸಾಕು. ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲೂ ತಪ್ಪದೆ ಅರ್ಜಿ ಹಾಕಿ, ಅಲ್ಲಿ ಸಿಕ್ಕಿದರೆ ನಮಗೆ ತಿಳಿಸಿ, ಉಳಿದದ್ದನ್ನು ನಾವು ತುಂಬುತ್ತೇವೆ.

ಫಾರಂಗಳು ಬಾಗಿಲ ಪಕ್ಕದ ಮೇಜಿನ ಮೇಲಿವೆ. ತುಂಬಲು ಸಹಾಯ ಬೇಕಾದವರಿಗಾಗಿ ಆ ಹುಡುಗಿ ಅಲ್ಲೇ ಕೂತಿದ್ದಾಳೆ. ಊಟಕ್ಕೆ ಮೊದಲೇ ಹೋಗಿ, ಎರಡು ಗಂಟೆಗೆ ಅವಳು ಹೊರಡಬೇಕು, ಟ್ಯೂಷನ್ ಮಕ್ಕಳು ಕಾಯುತ್ತಿರುತ್ತಾರೆ.