ಒಂದೇ ಹೋರಿ ಸಾಲದು
(ಬೆಳ್ಳಿಹಬ್ಬದ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ನೆನಪಿಗೆ ಸಂಘದಿಂದ ಒಂದು ಒಳ್ಳೇ ಮಲೆನಾಡು ಗಿಡ್ಡ ಹೋರಿ ಸಾಕಬೇಕೆಂಬ ಯೋಚನೆ ಇದೆ ಎಂದು ಅಧ್ಯಕ್ಷರು ಈಗಷ್ಟೇ ಹೇಳಿದರು. ಕೇಳಿ ಸಂತೋಷವಾಯಿತು, ಸ್ವಲ್ಪ ದಿಗಿಲೂ ಆಯಿತು. ಯಾಕೆ ಅಂತ ಹೇಳ್ತೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕು. ನೌಕರಿಯಲ್ಲಿದ್ದಾಗ ಊರೂರಲ್ಲಿ ಕ್ಯಾಂಪು ಹಾಕಿ ನೂರಾರು ಗಿಡ್ಡ ಹೋರಿಗಳ ಬೀಜ ಒಡೆದವನು ನಾನು. ಬೀಡಾಡಿ ಹೋರಿ, ಒಂದೆರಡು ಲೀಟರಿನ ಸಂತಾನ ಅಂತಲೇ ನಮಗೆ ಕಲಿಸಿದ್ದರು. ಜರ್ಸಿ ಇಂಜೆಕ್ಷನ್ ಕೊಟ್ಟೆವು, ಕ್ಯಾನು ತುಂಬಿತು, ಈ ಸಂಘ ನಿಂತಿದ್ದೂ ಅದರಿಂದಲೇ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಮೂರಡಿ ಎತ್ತರದ, ನೂರು ಕಿಲೋ ಆಸುಪಾಸಿನ ಈ ದನ ಹಿಂಡಿ ಕೇಳದೆ ಬೆಟ್ಟ ಮೇದು, ಮಳೆಗಾಲದ ಕೆಸರು ತಡೆದು, ತೋಟಕ್ಕೆ ಗೊಬ್ಬರ ಕೊಡುತ್ತಿತ್ತಲ್ಲ, ಅದು ನಮ್ಮ ಯಾವ ರಿಜಿಸ್ಟರಿಗೂ ಬರಲಿಲ್ಲ.

ಗಿಡ್ಡ ಅಂತ ಒಂದೇ ಹೆಸರಾದರೂ ಎಲ್ಲ ಸೀಮೆಯ ದನ ಒಂದೇ ಅಲ್ಲ. ಕರಾವಳಿಯದು ಬೇರೆ ಹವೆಯಲ್ಲಿ ಬೆಳೆದದ್ದು, ಘಟ್ಟದ ಮೇಲಿನದು ಬೇರೆ ಕಾಡು ಮೇದದ್ದು. ಕಣ್ಣಿಗೆ ಎರಡೂ ಕಪ್ಪು ಗಿಡ್ಡವೇ. ಒಳಗಿನ ವ್ಯತ್ಯಾಸ ತಿಳಿಯಲು ರಕ್ತದಿಂದ ಡಿಎನ್‌ಎ ತೆಗೆದು ನೋಡಬೇಕು. ಅದಕ್ಕೆಂದೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ದನಗಳಿಗೆ 30 ಗುರುತುಗಳ ಪಟ್ಟಿ ಕೊಟ್ಟಿದೆ. ಹಿಂದೆ ಮಗಳ ಜೊತೆ ಬಳುವಳಿಯಾಗಿ ಹೋದ ಆಕಳು, ದೇವರಿಗೆ ಬಿಟ್ಟ ಹೋರಿ, ಬೆಟ್ಟದಲ್ಲಿ ಕೂಡುತ್ತಿದ್ದ ಹಿಂಡು, ಇವೆಲ್ಲ ರಕ್ತ ಬೆರೆಸುತ್ತಿದ್ದವು. ಈಗ ಬಳುವಳಿಗೆ ಯಾರು ಆಕಳು ಕೊಡ್ತಾರೆ? ಕೊಟ್ಟರೂ ಒಯ್ಯುವವರಿಲ್ಲ.

ಈಗ ನಿಮ್ಮ ಹೋರಿಯ ಲೆಕ್ಕಕ್ಕೆ ಬರೋಣ. ಊರಲ್ಲಿ ನೂರು ಗಿಡ್ಡ ಆಕಳಿವೆ ಎನ್ನಿ. ಒಂದೇ ಹೋರಿ ಇದ್ದರೆ, ತಳಿಶಾಸ್ತ್ರದ ಲೆಕ್ಕದಲ್ಲಿ ನಿಮ್ಮ ಹಿಂಡು ನೂರೊಂದಲ್ಲ, ಸುಮಾರು ನಾಲ್ಕೇ! ಗಂಡು ಹೆಣ್ಣುಗಳ ಸಂಖ್ಯೆ ಗುಣಿಸಿ, ನಾಲ್ಕರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿದರೆ ಬರುವ ಉತ್ತರ ಅದು. ಐದು ಹೋರಿ ಇಟ್ಟರೆ ಅದೇ ಹಿಂಡು ಹತ್ತೊಂಬತ್ತಾಗುತ್ತದೆ. ಮಣಕ ಬೆದೆಗೆ ಬಂದಾಗ ಅದೇ ಹೋರಿಗೆ ಬಿಟ್ಟರೆ ಅಪ್ಪ ಮಗಳ ಕೂಡಿಕೆ. ಕರುವಿನ ವಂಶವಾಹಿ ಜೋಡಿಗಳಲ್ಲಿ ಕಾಲು ಪಾಲು ಒಂದೇ ಮೂಲದವಾಗುತ್ತವೆ. ಹೋರಿಯ ಮಗನನ್ನು ಇಟ್ಟುಕೊಂಡರೂ ಎಂಟರಲ್ಲೊಂದು ಪಾಲು. ಗಬ್ಬ ನಿಲ್ಲದಿರುವುದು, ಕರು ಸೊರಗುವುದು ಹೀಗೆ ನಿಧಾನವಾಗಿ ಶುರುವಾಗುತ್ತದೆ. ಆಗ ದನವೇ ಕೆಟ್ಟದು ಅಂತೀರಿ.

ಕೇರಳದ ವೆಚ್ಚೂರು ದನ ಹೆಚ್ಚುಕಡಿಮೆ ಕಾಣೆಯಾಗಿತ್ತು. 1989ರಲ್ಲಿ ಮನ್ನುತ್ತಿಯ ಪ್ರಾಧ್ಯಾಪಕಿ ಸೋಸಮ್ಮ ಐಪ್ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಹಳ್ಳಿ ಹಳ್ಳಿ ಅಲೆದು ಹುಡುಕಬೇಕಾಯಿತು. 2022ರಲ್ಲಿ ಆ ತಾಯಿಗೆ ಪದ್ಮಶ್ರೀ ಬಂತು. ಅಷ್ಟು ಕಷ್ಟದ ಕಾಲ ನಮಗಿನ್ನೂ ಬಂದಿಲ್ಲ.

ಕೆಲವರು ದೇಸಿ ಹೆಸರಿನಲ್ಲಿ ಗುಜರಾತಿನ ಗಿರ್ ತಂದು ಗಿಡ್ಡಕ್ಕೆ ಕೂಡಿಸುತ್ತಿದ್ದಾರೆ. ಗಿರ್ ಒಳ್ಳೇ ದನ, ಅಲ್ಲಿಗೆ. ನಮ್ಮ ಗಿಡ್ಡದ ಮಟ್ಟಿಗೆ ಅದೂ ಜರ್ಸಿಯೂ ಎರಡೂ ಪರದೇಶಿಗಳೇ.

ನನ್ನ ವಿನಂತಿ ಇಷ್ಟು. ಒಂದು ಹೋರಿಗೆ ಇಟ್ಟ ಹಣದಲ್ಲಿ ಸದಸ್ಯರ ಕೊಟ್ಟಿಗೆಯಲ್ಲೇ ನಾಲ್ಕೈದು ಹೋರಿಕರು ಉಳಿಸಿ, ಮೇವಿನ ಖರ್ಚು ಮಾತ್ರ ಸಂಘ ಕೊಡಲಿ. ಎರಡು ಮೂರು ವರ್ಷಕ್ಕೊಮ್ಮೆ ಪಕ್ಕದ ತಾಲ್ಲೂಕಿನ ಸಂಘದ ಜೊತೆ ಹೋರಿ ಬದಲು ಮಾಡಿಕೊಳ್ಳಿ. ಯಾವ ಕರು ಯಾವ ಹೋರಿಯದು ಎಂದು ಕಾರ್ಯದರ್ಶಿಗಳು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಹಾಲಿನ ಫ್ಯಾಟಿನಷ್ಟೇ ನಿಯತ್ತಾಗಿ.

ಈ ವರ್ಷ ಯಾರ ಕೊಟ್ಟಿಗೆಯಲ್ಲಿ ಗಿಡ್ಡ ಹೋರಿಕರು ಹುಟ್ಟಿದೆಯೋ ಅವರು ಬೀಜ ಒಡೆಸಬೇಡಿ, ಮಾರಲೂ ಬೇಡಿ. ಊಟಕ್ಕೆ ಏಳುವ ಮುಂಚೆ ನನ್ನ ಹತ್ತಿರ ಹೆಸರು ಬರೆಸಿ, ನಾಳೆ ಬೆಳಿಗ್ಗೆ ನಾನೇ ಬಂದು ಕರು ನೋಡುತ್ತೇನೆ.