ಚಿಕಿತ್ಸೆಯ ಜೊತೆಗೊಂದು ಪ್ರಶ್ನೆ



"ಬಚ್ಚಲಲ್ಲಿ ಜಾರಿಬಿದ್ದೆ" ಎಂದು ಹೇಳಿ, ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡು ತಲೆತಗ್ಗಿಸಿ ಹಿಂದಿರುಗುವ ಮಹಿಳೆ ನಮ್ಮ ಆಸ್ಪತ್ರೆಗಳಿಗೆ ಹೊಸಬಳಲ್ಲ. ಪೊಲೀಸ್ ಠಾಣೆಗೆ ಹೋಗಲು ಅಂಜುವ, ತವರಿಗೆ ತಿಳಿಸಲು ಸಂಕೋಚಪಡುವ ಆಕೆಗೆ ಯಾರ ಸಂಶಯಕ್ಕೂ ಎಡೆಯಿಲ್ಲದೆ ತೆರೆದಿರುವ ಬಾಗಿಲು ಆಸ್ಪತ್ರೆಯದು. ಅಲ್ಲಿಯೂ ಯಾರೂ ಕಾರಣ ವಿಚಾರಿಸದಿದ್ದರೆ ಗಾಯ ಮಾಯುತ್ತದೆ, ಹಿಂಸೆ ಮುಂದುವರಿಯುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಪತಿಯಿಂದ ಹಿಂಸೆಗೊಳಗಾದವರು ದೇಶದಲ್ಲಿ ಶೇಕಡಾ 29. ಕರ್ನಾಟಕದಲ್ಲಿ ಶೇಕಡಾ 44. ಇದು ಪರರ ಮನೆಯ ಸಂಗತಿಯೆಂದು ನಾವು ಸುಮ್ಮನಿರುವಂತಿಲ್ಲ.

ಮುಂಬಯಿಯ ಬಾಂದ್ರಾದಲ್ಲಿರುವ ಭಾಭಾ ಆಸ್ಪತ್ರೆಯಲ್ಲಿ ಈ ಶತಮಾನದ ಆರಂಭದಲ್ಲಿ ಮಹಾನಗರಪಾಲಿಕೆ ಹಾಗೂ 'ಸೇಹತ್' ಸಂಸ್ಥೆ ಜೊತೆಗೂಡಿ 'ದಿಲಾಸಾ' ಕೇಂದ್ರವನ್ನು ತೆರೆದವು. ದಿಲಾಸಾ ಎಂದರೆ ಭರವಸೆ. ಚಿಕಿತ್ಸೆ ನೀಡುವ ಸಿಬ್ಬಂದಿಯೇ ಹಿಂಸೆಯ ಲಕ್ಷಣಗಳನ್ನು ಗುರುತಿಸಿ, ನೊಂದವಳನ್ನು ಅದೇ ಆವರಣದಲ್ಲಿರುವ ಆಪ್ತಸಲಹೆಗಾರರ ಬಳಿಗೆ ಕಳುಹಿಸುವುದು ಇದರ ಕ್ರಮ.

ವೈದ್ಯರೂ ದಾದಿಯರೂ ಮಾಡಬೇಕಾದುದು ಅಸಾಧ್ಯವಾದುದಲ್ಲ. ಪತಿಯನ್ನೂ ಬಂಧುಗಳನ್ನೂ ಹೊರಗಿರಿಸಿ ಆಕೆಯೊಡನೆ ಏಕಾಂತದಲ್ಲಿ ಮಾತನಾಡಬೇಕು, ದೂಷಿಸದೆ ಆಲಿಸಬೇಕು. ಹೇಳಲು ಬಲವಂತಪಡಿಸಬಾರದು. ಮನೆಗೆ ಮರಳುವುದು ಆಕೆಗೂ ಮಕ್ಕಳಿಗೂ ಕ್ಷೇಮವೇ ಎಂದು ಕೇಳಬೇಕು. ಗಾಯದ ಸ್ಥಾನ, ಅಳತೆಗಳನ್ನೂ ಆಕೆ ಹೇಳಿದ ಕಾರಣವನ್ನೂ ಕಡತದಲ್ಲಿ ದಾಖಲಿಸಬೇಕು; ಮುಂದೆ ನ್ಯಾಯಾಲಯದಲ್ಲಿ ಅದು ಆಕೆಗೆ ಆಧಾರವಾಗಬಲ್ಲದು.

ಹೊರನಾಡಿನಲ್ಲಿರುವ ನಮಗೆ ಇನ್ನೊಂದು ತೊಡಕುಂಟು. ಊರಿನಿಂದ ಹೊಸದಾಗಿ ಬಂದ ವಧುವಿಗೆ ಮರಾಠಿ, ತಮಿಳು, ತೆಲುಗು ಬಾರದಿದ್ದಾಗ ಆಕೆಯ ಮಾತನ್ನು ವೈದ್ಯರಿಗೆ ತಿಳಿಸುವವನು ಅನೇಕ ವೇಳೆ ಪತಿಯೇ. ಹೊಡೆದವನೇ ದುಭಾಷಿಯಾದರೆ ಸತ್ಯ ಹೊರಬರುವುದೆಂತು? ನೆರೆಯ ಕನ್ನಡ ಸೋದರಿಯೊಬ್ಬಳು ಜೊತೆಗೆ ಹೋಗಿ, ಕೇಳಿದುದನ್ನು ಗುಟ್ಟಾಗಿ ಕಾಯ್ದುಕೊಂಡರೆ ಅದೇ ದೊಡ್ಡ ಸೇವೆ.

ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯಿದೆ 2005ರಲ್ಲಿ ರೂಪುಗೊಂಡು 2006ರಲ್ಲಿ ಜಾರಿಗೆ ಬಂದಿತು. ಅದರ 7ನೆಯ ಕಲಮಿನಂತೆ, ನೊಂದ ಮಹಿಳೆ ಕೋರಿದಾಗ ವೈದ್ಯಕೀಯ ನೆರವು ನೀಡುವುದು ಆಸ್ಪತ್ರೆಯ ಕರ್ತವ್ಯ. ಮೊದಲೇ ದೂರು ದಾಖಲಿಸಿಲ್ಲವೆಂಬ ನೆಪದಿಂದ ನಿರಾಕರಿಸುವಂತಿಲ್ಲ. 181 ಮಹಿಳಾ ಸಹಾಯವಾಣಿಯೂ 'ಸಖಿ' ಕೇಂದ್ರಗಳೂ ನೆರವಿಗಿವೆ.

ಗಾಯಕ್ಕೆ ಮದ್ದು ಹಚ್ಚುವ ಕೈ, "ನಿಮ್ಮ ತಪ್ಪಲ್ಲ ತಾಯಿ, ನಾವಿದ್ದೇವೆ" ಎಂಬ ಧೈರ್ಯವನ್ನೂ ನೀಡಲಿ. ಚಿಕಿತ್ಸೆ ಪೂರ್ಣವಾಗುವುದು ಆಗಲೇ.