ಬಿಟ್ಟ ತೆರಿಗೆ, ಹಿಡಿದ ತೆರಿಗೆ, ವಾಪಸ್ಸು ಬಾರದ ತೆರಿಗೆ

(ಅಳವಂಡಿ ಹೋಬಳಿಯ ರೈತರ ಮುಂದೆ ಮಾಡಿದ ಭಾಷಣದ ಬರಹ)



"ಸರಕಾರ ತೆರಿಗೆ ವಾಪಸ್ಸು ಕೊಡ್ತೈತಂತ, ನಮಗೂ ಬರ್ತೈತೇನ್ರಿ?" ಅಂತ ಈಗ ಊರೂರಿನ ಕಟ್ಟೆಯ ಮೇಲೆ ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ಆದರೆ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿ ಕೇಳುತ್ತೇವೆ. ಮೊದಲು ಚೀಲ ಬಿಚ್ಚೋಣ.

ಒಂದು, ರಿಯಾಯಿತಿ. ಕೊಡಬೇಕಾಗಿದ್ದ ತೆರಿಗೆಯನ್ನು ಸರಕಾರ ಬಿಡುವುದು. ಇದರಲ್ಲಿ ಕೈಗೆ ರೊಕ್ಕ ಬರುವುದಿಲ್ಲ, ಕೈಯಿಂದ ಹೋಗುವುದು ಉಳಿಯುತ್ತದೆ. ಎರಡು, ಮರುಪಾವತಿ. ಹೆಚ್ಚಿಗೆ ಹಿಡಿದುಕೊಂಡ ನಿಮ್ಮದೇ ರೊಕ್ಕವನ್ನು ತಿರುಗಿ ಕೊಡುವುದು. ಮೂರು, ಸಹಾಯಧನ. ಬೊಕ್ಕಸದಿಂದ ಕೊಡುವುದು. ಮೂರಕ್ಕೂ ಯೋಗ್ಯತೆಯ ನಿಯಮ ಬೇರೆ. ಈ ಭೇದ ತಿಳಿಯದವನು ತನಗೆ ಬರಬೇಕಾದ್ದನ್ನು ಬಿಟ್ಟುಕೊಡುತ್ತಾನೆ, ಬರಬಾರದ್ದನ್ನು ತೆಗೆದುಕೊಂಡು ನೋಟೀಸು ತಿನ್ನುತ್ತಾನೆ.

ಹೊಲದ ಉತ್ಪನ್ನದಿಂದ ಶುರು ಮಾಡೋಣ. ಜೋಳ, ಕಡ್ಲಿ, ಉಳ್ಳಾಗಡ್ಡಿ, ಹತ್ತಿ ಮಾರಿ ಬಂದ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಇದು ಯಾರ ದಯೆಯೂ ಅಲ್ಲ. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನವೇ ರಾಜ್ಯಗಳಿಗೆ ಕೊಟ್ಟಿದೆ. ಹೊಲವನ್ನು ಬಿತ್ತಲಿಕ್ಕೆ ಲಾವಣಿ ಕೊಟ್ಟರೆ ಬರುವ ಹಣವೂ ಕೃಷಿ ಆದಾಯವೇ.

ಆದರೆ ಹೊಲದಿಂದ ಬಂದದ್ದೆಲ್ಲಾ ಕೃಷಿ ಆದಾಯ ಅಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಟುಕೊಳ್ಳಿರಿ. ಗಾಳಿ ಫ್ಯಾನಿನ ಕಂಪನಿಗೋ ಸೋಲಾರ್ ಕಂಪನಿಗೋ ಹೊಲ ಕೊಟ್ಟು ವರ್ಷಕ್ಕಿಷ್ಟು ಬಾಡಿಗೆ ತೆಗೆದುಕೊಂಡರೆ ಅದು ಕೃಷಿ ಆದಾಯ ಅಲ್ಲ. ಆ ನೆಲದಲ್ಲಿ ಒಕ್ಕಲುತನ ನಡೆದಿಲ್ಲವಲ್ಲ. ಹಾಲಿನ ಡೇರಿ, ಕೋಳಿ ಸಾಕಣೆ, ಟ್ರ್ಯಾಕ್ಟರ್ ಬಾಡಿಗೆ, ಬ್ಯಾಂಕಿನ ಬಡ್ಡಿ ಇವೂ ಅಲ್ಲ.

ಎರಡೂ ನಮೂನೆಯ ಆದಾಯ ಇದ್ದವರ ಲೆಕ್ಕ ಸ್ವಲ್ಪ ತಿರುಚು. 1972ರಲ್ಲಿ ವರದಿ ಕೊಟ್ಟ ಕೆ.ಎನ್. ರಾಜ್ ಸಮಿತಿಯ ಸಲಹೆಯಂತೆ 1973ರಿಂದ ಒಂದು ಪದ್ಧತಿ ಬಂತು: ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದರೆ ಬೇರೆ ಆದಾಯದ ಮೇಲಿನ ದರ ಗೊತ್ತುಮಾಡಲು ಅದನ್ನು ಕೂಡಿಸಿ ನೋಡುತ್ತಾರೆ. ಕೃಷಿ ಆದಾಯ 5,000 ರೂ. ದಾಟಿ, ಬೇರೆ ಆದಾಯವೂ ತೆರಿಗೆಯಿಲ್ಲದ ಮಿತಿ ದಾಟಿದವರಿಗೆ ಮಾತ್ರ ಇದು ಹತ್ತುತ್ತದೆ.

ಒಂದು ಲೆಕ್ಕ ಹಾಕುತ್ತೇನೆ, 2025-26ನೇ ಸಾಲಿನ ಹೊಸ ಪದ್ಧತಿಯ ದರದಲ್ಲಿ. ಒಬ್ಬ ರೈತನಿಗೆ ಖರ್ಚು ಕಳೆದು ಹೊಲದಿಂದ 5 ಲಕ್ಷ, ಫ್ಯಾನಿನ ಬಾಡಿಗೆ ಮತ್ತು ಇತರೆ ಸೇರಿ 6 ಲಕ್ಷ ಇದೆ ಅನ್ನಿರಿ. ಆ 6 ಲಕ್ಷ ಒಂದೇ ಇದ್ದಿದ್ದರೆ ತೆರಿಗೆ 10,000 ರೂ. ಹೊಲದ ಆದಾಯ ಕೂಡಿಸಿ ಲೆಕ್ಕ ಮಾಡಿದಾಗ 20,000 ರೂ. ಆಗುತ್ತದೆ. ಇಲ್ಲಿ ರಿಯಾಯಿತಿ ಬರುತ್ತದೆ. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗೆ ಇದ್ದರೆ 60,000 ರೂ.ವರೆಗಿನ ತೆರಿಗೆಯನ್ನು ಬಿಡುತ್ತಾರೆ. ಈ ರೈತನ 20,000 ಪೂರಾ ಮಾಫಿ. ಹೊಲದ 5 ಲಕ್ಷವನ್ನು ಆ 12 ಲಕ್ಷದ ಮಿತಿಯೊಳಗೆ ಹಿಡಿಯುವುದಿಲ್ಲ.

ಈ ರಿಯಾಯಿತಿ ದೇಶದಲ್ಲಿ ವಾಸ ಇರುವ ಒಬ್ಬೊಬ್ಬ ವ್ಯಕ್ತಿಗೆ ಮಾತ್ರ. ಅವಿಭಕ್ತ ಕುಟುಂಬದ ಹೆಸರಿನಲ್ಲಿ ಪಾನ್ ಕಾರ್ಡು ಮಾಡಿಸಿದ್ದರೆ, ಪಾಲುದಾರಿಕೆ ಸಂಸ್ಥೆ ಇದ್ದರೆ ಸಿಗುವುದಿಲ್ಲ. ಇನ್ನೊಂದು ಮಾತು: ಬೇರೆ ಆದಾಯ 4 ಲಕ್ಷ ದಾಟಿದವನು ತೆರಿಗೆ ಸೊನ್ನೆ ಆದರೂ ರಿಟರ್ನು ಸಲ್ಲಿಸಲೇಬೇಕು. "ಸೊನ್ನಿ ಅಲ್ರೀ, ಯಾಕ ಬೇಕು" ಅಂತ ಸುಮ್ಮನೆ ಕುಂತರೆ ನಡೆಯುವುದಿಲ್ಲ.

ಈಗ ಮರುಪಾವತಿ. ಗದಗ–ವಾಡಿ ರೈಲು ಮಾರ್ಗಕ್ಕೆ ಯಲಬುರ್ಗಾ, ಕುಷ್ಟಗಿ ಭಾಗದ ಹೊಲಗಳು ಹೋಗಿವೆ. 2013ರ ಭೂಸ್ವಾಧೀನ ಕಾಯ್ದೆಯಡಿ ಸರಕಾರ ಹಿಡಿದ ಭೂಮಿಯ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಆ ಕಾಯ್ದೆಯ 96ನೇ ಕಲಮು ಹೇಳುತ್ತದೆ, 2016ರಲ್ಲಿ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ ಖಚಿತ ಮಾಡಿದೆ. ಆದರೆ ಪರಿಹಾರದ ರೊಕ್ಕ ಬ್ಯಾಂಕಿನಲ್ಲಿ ಠೇವಣಿ ಇಟ್ಟ ಮೇಲೆ ಅದರ ಬಡ್ಡಿಗೆ ಈ ವಿನಾಯಿತಿ ಇಲ್ಲ.

10 ಲಕ್ಷ ಠೇವಣಿಗೆ ನೂರಕ್ಕೆ 7ರಂತೆ ವರ್ಷಕ್ಕೆ 70,000 ಬಡ್ಡಿ ಅನ್ನಿರಿ. 2025ರ ಏಪ್ರಿಲ್‌ನಿಂದ ಬಡ್ಡಿ 50,000 ದಾಟಿದರೆ, 60 ವರ್ಷ ತುಂಬಿದವರಿಗೆ 1 ಲಕ್ಷ ದಾಟಿದರೆ, ಬ್ಯಾಂಕು ಮೂಲದಲ್ಲೇ ನೂರಕ್ಕೆ 10 ಹಿಡಿಯುತ್ತದೆ. ಅಂದರೆ 7,000 ಹೋಯಿತು. ಪಾನ್ ಕೊಡದಿದ್ದರೆ ನೂರಕ್ಕೆ 20, ಅಂದರೆ 14,000. ಹೊಲ ಬಿಟ್ಟು ಬೇರೆ ಆದಾಯವೇ ಇಲ್ಲದ ಈ ರೈತ ಒಂದು ಪೈಸೆ ತೆರಿಗೆ ಕೊಡಬೇಕಾದವನಲ್ಲ. ಆ 7,000 ಅವನದೇ. ಆದರೆ ಕೇಳದೆ ಯಾರೂ ಮನೆಗೆ ತಂದು ಕೊಡುವುದಿಲ್ಲ.

ಕೇಳುವ ದಾರಿ ಎರಡು. ವರ್ಷದ ಆರಂಭದಲ್ಲೇ "ನನ್ನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲ, ಹಿಡಿಯಬೇಡಿರಿ" ಎಂದು ಬ್ಯಾಂಕಿಗೆ ಬರೆದುಕೊಡುವ ನಮೂನೆ ಇದೆ. 15ಜಿ, ವಯಸ್ಸಾದವರಿಗೆ 15ಎಚ್ ಎಂದು ಬಹಳ ವರ್ಷ ಕರೆದದ್ದು ಇದನ್ನೇ. 2025ರ ಹೊಸ ಆದಾಯ ತೆರಿಗೆ ಕಾಯ್ದೆಗೆ 2026ರ ಏಪ್ರಿಲ್ 1 ಜಾರಿಯ ದಿನ, ಅದರಲ್ಲಿ ಕಲಮುಗಳ ನಂಬರು ಬೇರೆ. ಆದ್ದರಿಂದ ನಂಬರು ಹಿಡಿದು ಜಗಳಾಡದೆ "ಬಡ್ಡಿಯಲ್ಲಿ ತೆರಿಗೆ ಹಿಡಿಯಬೇಡಿ ಅನ್ನೋ ಅರ್ಜಿ ಕೊಡ್ರಿ" ಅಂತ ಕೇಳಿರಿ. ಎರಡನೆಯದು, ಈಗಾಗಲೇ ಹಿಡಿದಿದ್ದರೆ ಜುಲೈ 31ರೊಳಗೆ ರಿಟರ್ನು ಸಲ್ಲಿಸಿ ವಾಪಸ್ಸು ಕೇಳುವುದು. ಕೃಷಿ ಆದಾಯ 5,000 ದಾಟಿದವರಿಗೆ ಐಟಿಆರ್-1 ನಮೂನೆ ಬರುವುದಿಲ್ಲ, ಐಟಿಆರ್-2 ಬೇಕು. ಕಂಪ್ಯೂಟರ್ ಅಂಗಡಿಯವನಿಗೆ ಇದನ್ನು ನೀವೇ ಹೇಳಿರಿ. ಇಲ್ಲದ ಖರ್ಚು ಬರೆದು "ಹೆಚ್ಚಿಗೆ ವಾಪಸ್ಸು ತರಿಸಿಕೊಡ್ತೀನಿ" ಅನ್ನುವವನನ್ನು ದೂರ ಇಡಿರಿ. ಕಾಗದದ ಮೇಲೆ ಹೆಸರು ನಿಮ್ಮದು, ನೋಟೀಸು ಬರುವುದೂ ನಿಮ್ಮ ಮನೆಗೆ. ಫೋನಿನಲ್ಲಿ ಓಟಿಪಿ ಕೇಳುವವನು ತೆರಿಗೆ ಕಚೇರಿಯವನಲ್ಲ, ಕಳ್ಳ.

"ರಿಟರ್ನು ತುಂಬಿದರ ಕಿಸಾನ್ ಸಮ್ಮಾನ್ ನಿಂತು ಹೋಗ್ತೈತಿ" ಎಂಬ ಹೆದರಿಕೆ ಬಹಳ ಜನಕ್ಕೆ ಇದೆ. ಹೆದರಿ ಕೈಗೆ ಬರುವ ಮರುಪಾವತಿಯನ್ನೇ ಬಿಟ್ಟವರಿದ್ದಾರೆ. ನಿಯಮ ಏನು ಹೇಳುತ್ತದೆ ನೋಡಿರಿ. 2019ರಲ್ಲಿ ಬಂದ ಆ ಯೋಜನೆಯಲ್ಲಿ ವರ್ಷಕ್ಕೆ 6,000 ರೂ. ಮೂರು ಕಂತು. ಹಿಂದಿನ ಕರನಿರ್ಧಾರ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರು ಅರ್ಹರಲ್ಲ. "ಕಟ್ಟಿದವರು" ಅಂತ ಇದೆ, "ರಿಟರ್ನು ಸಲ್ಲಿಸಿದವರು" ಅಂತ ಇಲ್ಲ. ತೆರಿಗೆ ಸೊನ್ನೆ ಆದವನು ತನ್ನ ರಿಟರ್ನಿನ ಪ್ರತಿ ಜೋಪಾನ ಮಾಡಲಿ. ಯಾರಾದರೂ ಕಂತು ತಡೆದರೆ ಅದೇ ಅವನ ಸಾಕ್ಷಿ.

ಗಂಡ, ಹೆಂಡತಿ, ಚಿಕ್ಕ ಮಕ್ಕಳು ಸೇರಿ ಒಂದು ಕುಟುಂಬ. ಅವರಲ್ಲಿ ಒಬ್ಬರು ತೆರಿಗೆ ಕಟ್ಟಿದರೂ ಕುಟುಂಬಕ್ಕೆ ಇಲ್ಲ. ಡಿ ದರ್ಜೆ ಬಿಟ್ಟು ಉಳಿದ ಸರಕಾರಿ ನೌಕರರು, ತಿಂಗಳಿಗೆ 10,000 ಅಥವಾ ಹೆಚ್ಚು ಪಿಂಚಣಿ ಇರುವವರು, ವೃತ್ತಿಯಲ್ಲಿರುವ ಡಾಕ್ಟರು, ವಕೀಲರು, ಇಂಜಿನಿಯರು ಇವರಿಗೂ ಇಲ್ಲ. ಭೂಮಿ 2019ರ ಫೆಬ್ರವರಿ 1ಕ್ಕೆ ಹೆಸರಿನಲ್ಲಿ ಇರಬೇಕು. ಆಮೇಲೆ ವಾರಸಿನಿಂದ ಬಂದದ್ದು ನಡೆಯುತ್ತದೆ. ಅಪ್ಪ ತೀರಿಕೊಂಡು ವರ್ಷಗಳಾದರೂ ಪಹಣಿಯಲ್ಲಿ ಅವನ ಹೆಸರೇ ಕುಂತಿದ್ದರೆ ಮಗನಿಗೆ, ವಿಧವೆ ತಾಯಿಗೆ ಏನೂ ಬರುವುದಿಲ್ಲ. ಮೊದಲು ಪೌತಿ ಖಾತೆ ಮಾಡಿಸಿರಿ. ಲಾವಣಿ ಹೊಲ ಬಿತ್ತುವವನಿಗೆ ಬೆವರು ಅವನದಾದರೂ ಪಹಣಿ ಅವನದಲ್ಲ ಎಂದು ಈ ಯೋಜನೆ ಕೈಬಿಟ್ಟಿದೆ. ಇದು ಅನ್ಯಾಯ.

ಇಷ್ಟೊತ್ತು ಬಿಡುವ, ತಿರುಗಿ ಕೊಡುವ ತೆರಿಗೆಯ ಮಾತಾಯಿತು. ತಿರುಗಿ ಬಾರದ ತೆರಿಗೆಯ ಮಾತು ಯಾರೂ ಆಡುವುದಿಲ್ಲ. "ರೈತ ತೆರಿಗೆ ಕಟ್ಟುವುದಿಲ್ಲ" ಅಂತ ಪಟ್ಟಣದಲ್ಲಿ ಅಂದಾಗ ನಿಮ್ಮ ಅಂಗಡಿ ರಸೀತಿ ತೋರಿಸಿರಿ. ರಾಸಾಯನಿಕ ಎಣ್ಣಿ ಮೇಲೆ ನೂರಕ್ಕೆ 18 ಜಿಎಸ್‌ಟಿ. ಗೊಬ್ಬರದ ಮೇಲೆ 5. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಹನಿ ನೀರಾವರಿ ಸಾಮಾನಿನ ಮೇಲೆ 12 ಇದ್ದದ್ದು 5ಕ್ಕೆ ಇಳಿಯಿತು, ಒಳ್ಳೆಯದು. ರಾಸಾಯನಿಕ ಎಣ್ಣಿಯ 18 ಮಾತ್ರ ಹಾಗೇ ಉಳಿಯಿತು. ಡೀಸೆಲ್‌ಗೆ ಕೇಂದ್ರದ ಸುಂಕ, ರಾಜ್ಯದ ಮಾರಾಟ ತೆರಿಗೆ ಎರಡೂ ಇವೆ.

ಗಂಗಾವತಿ ಕಡೆಯ ಭತ್ತದ ರೈತನೊಬ್ಬ ವರ್ಷಕ್ಕೆ ತೆರಿಗೆ ಬಿಟ್ಟು 20,000 ರೂ. ಎಣ್ಣಿ, 30,000 ರೂ. ಗೊಬ್ಬರ ತಂದ ಅಂತ ಲೆಕ್ಕಕ್ಕೆ ಹಿಡಿಯಿರಿ. ಎಣ್ಣಿಗೆ 3,600, ಗೊಬ್ಬರಕ್ಕೆ 1,500, ಒಟ್ಟು 5,100 ರೂ. ತೆರಿಗೆ. ಡೀಸೆಲ್ ಇನ್ನೂ ಬಂದಿಲ್ಲ. ಸರಕಾರ 6,000 ಕೊಟ್ಟೆ ಅಂತ ಫೋಟೋ ಹಾಕಿಸುತ್ತದೆ, 5,100 ತೆಗೆದುಕೊಂಡದ್ದಕ್ಕೆ ಫೋಟೋ ಇಲ್ಲ.

ವ್ಯಾಪಾರಿ ತಾನು ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ರಫ್ತು ಮಾಡುವ ಕಂಪನಿ ಮರುಪಾವತಿ ಪಡೆಯುತ್ತದೆ. ಸ್ವಂತ ಬೆಳೆ ಮಾರುವ ರೈತ ಜಿಎಸ್‌ಟಿ ನೋಂದಣಿಯಿಂದ ಹೊರಗೆ. ಆದ್ದರಿಂದ ಅವನು ಕೊಟ್ಟದ್ದು ಕೊಟ್ಟದ್ದೇ. ಹತ್ತಿ ಬೆಳೆದವನಿಗೆ ಇಲ್ಲ, ಹತ್ತಿ ನೂಲು ಹಡಗಿಗೆ ಏರಿಸಿದವನಿಗೆ ಇದೆ. ರೈತನ ತೆರಿಗೆ ತಿರುಗಿ ಬರಲಿಕ್ಕೆ ಉಳಿದದ್ದು ಒಂದೇ ಬಾಗಿಲು: ಬೆಳೆಯ ಬೆಲೆ. ಎಣ್ಣಿ, ಗೊಬ್ಬರ, ಡೀಸೆಲ್‌ಗೆ ತೆತ್ತದ್ದು ಬೆಂಬಲ ಬೆಲೆಯ ಖರ್ಚಿನೊಳಗೆ ಸೇರುತ್ತದೆ. ಆದರೆ ಖರೀದಿ ಕೇಂದ್ರ ತಡವಾಗಿ ತೆರೆದು, ಕಡ್ಲಿ ಅಷ್ಟರಲ್ಲಿ ದಲಾಲಿ ಅಂಗಡಿಯಲ್ಲಿ ಕಡಿಮೆ ರೇಟಿಗೆ ಹೋದರೆ ಆ ಬಾಗಿಲೂ ಮುಚ್ಚಿತು.

ನಮ್ಮ ನೆರೆಯ ನರಗುಂದ, ನವಲಗುಂದದ ರೈತರು 1980ರ ಜುಲೈ 21ರಂದು ಗೋಲಿಬಾರಿಗೆ ಎದೆಕೊಟ್ಟದ್ದು ಇಂಥದೇ ಪ್ರಶ್ನೆಗೆ. ಮಲಪ್ರಭೆಯ ನೀರಿನ ಹೆಸರಿನಲ್ಲಿ ಅಭಿವೃದ್ಧಿ ಕರ ಬಂತು. ಕೊಟ್ಟದ್ದಕ್ಕೆ ನಮಗೆ ಬಂದದ್ದೇನು ಎಂದು ಅವರು ಲೆಕ್ಕ ಕೇಳಿದರು.

ಆದ್ದರಿಂದ ಈ ವರ್ಷ ಪ್ರತಿ ಮನೆಯಲ್ಲಿ ಒಂದು ನೋಟುಬುಕ್ಕು ಇಡಿರಿ. ಎಣ್ಣಿ, ಗೊಬ್ಬರ, ಬಿಡಿಭಾಗ ಏನೇ ತಂದರೂ ಪಕ್ಕಾ ರಸೀತಿ ತೆಗೆದುಕೊಂಡು ತೆರಿಗೆಯ ಸಾಲನ್ನು ಅದರಲ್ಲಿ ಬರೆಯಿರಿ. ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಬಡ್ಡಿಯಿಂದ ಏನು ಹಿಡಿದಿದ್ದಾರೆ ನೋಡಿರಿ. ಬರಬೇಕಾದ್ದನ್ನು ಅರ್ಜಿ ಹಾಕಿ ತರಿಸಿಕೊಳ್ಳಿರಿ. ಬಾರದ್ದರ ಮೊತ್ತವನ್ನು ಊರಿನವರೆಲ್ಲಾ ಸೇರಿ ಕೂಡಿಸಿರಿ. ಆ ಮೊತ್ತ ಹಿಡಿದುಕೊಂಡು ಬೆಂಬಲ ಬೆಲೆ ಕೇಳಲು ಹೋದಾಗ ನಮ್ಮ ಕೈಯಲ್ಲಿ ಅರ್ಜಿ ಇರುವುದಿಲ್ಲ, ಬಾಕಿಯ ಲೆಕ್ಕ ಇರುತ್ತದೆ.